ಏಳು ಗಜದ ಶೂರ

ಕ್ಲಾರೆನ್ಸ್ ಟ್ರೋಮನ್ಸನ ಕೀರ್ತಿಯೆಲ್ಲ ಏಳು ಗಜದೊಳಗೆ ಹಿಡಿಸುವಂಥದ್ದು. ಈ ಸಂಗತಿ ಅವನಿಗೂ ಗೊತ್ತಿರಲಿಲ್ಲ, ಅವನಿದ್ದ ಅನ್ವಿಲ್ ಬೀದಿಗೂ ಗೊತ್ತಿರಲಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಗೊತ್ತಿದ್ದಿದ್ದರೂ ಪಾರಿವಾಳದ ಸಾವು ಪಾರಿವಾಳದ ಸಾವಾಗಿಯೇ ಮುಗಿದುಹೋಗುತ್ತಿತ್ತು.

ಏಳು ಗಜ ಎಂದರೆ ‘ಮೂರು ಲಾಳ’ ಪಬ್ಬಿನೊಳಗೆ, ನೆಲದ ಮೇಲೆ ಎಳೆದ ಗೆರೆಯಿಂದ ಎದುರು ಗೋಡೆಗೆ ತೂಗುಹಾಕಿದ ಉಕ್ಕಿನ ಹಲಗೆಯವರೆಗಿನ ದೂರ. ಹಲಗೆಯ ನಡುವೆ ಬಟಾಣಿ ತೂರುವಷ್ಟು ತೂತು, ತೂತಿನ ಹಿಂದೆ ಒಂದು ಗಂಟೆ. ಗುರುವಾರ ಸಂಜೆ ಮೇಜುಗಳನ್ನು ಪಕ್ಕಕ್ಕೆ ಸರಿಸಿ, ಸರಪಣಿ ಕಾರ್ಖಾನೆಯ ಗಂಡಸರು ಗಾಳಿಕೋವಿ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಸೀಸದ ಕಾಳು ತೂತಿನೊಳಗೆ ಹೋದರೆ ಗಂಟೆ ಟಿಣ್ ಎನ್ನುತ್ತಿತ್ತು. ತಪ್ಪಿದರೆ ಹಲಗೆಗೆ ಬಳಿದ ಬಿಳಿ ಬಣ್ಣದ ಮೇಲೆ ಕರಿ ಚುಕ್ಕೆ ಬೀಳುತ್ತಿತ್ತು. ಪಕ್ಕದಲ್ಲೇ ಕುಂಚ ಹಿಡಿದು ನಿಂತವನು ಅದನ್ನು ಬಳಿದು ಮುಚ್ಚುತ್ತಿದ್ದ. ಇಂಗ್ಲೆಂಡಿನ ದಡ್ಲಿಯ ಸುತ್ತಮುತ್ತ ಬೀದಿಗೊಂದು ಪಬ್ಬು, ಪಬ್ಬಿಗೊಂದು ತಂಡ. ಮೂರು ಲಾಳದ ತಂಡಕ್ಕೆ ಕ್ಲಾರೆನ್ಸ್ ನಾಯಕ. 1961ರಲ್ಲಿ ಒಂದೇ ಸಂಜೆ ಇಪ್ಪತ್ತು ಕಾಳಿಗೆ ಇಪ್ಪತ್ತು ಗಂಟೆ ಬಾರಿಸಿದ್ದ. ಅದಕ್ಕೆ ಕೊಟ್ಟ ತಗಡಿನ ಲೋಟ ಅವನ ಮನೆಯ ಕಪಾಟಿನ ಮೇಲಿತ್ತು, ಪಕ್ಕದಲ್ಲಿ ಅವನ ಅಪ್ಪನ ಹಲ್ಲಿನ ಸೆಟ್ಟು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಮನುಷ್ಯ ಏಳೇ ಗಜದಲ್ಲಿ ಎಷ್ಟು ವರ್ಷ ಎಂದು ನಿಂತಾನು? ಮೊದಮೊದಲು ಕ್ಲಾರೆನ್ಸ್ ತನ್ನ ಕೋವಿ ಕಾಲುವೆ ದಾಟಿ ಹೊಡೆಯುತ್ತದೆ ಎಂದ. ಮರುವರ್ಷ ಕಾಲುವೆಯಾಚೆಯ ರೈಲುಹಳಿ ಎಂದ. ಐದನೆಯ ವರ್ಷಕ್ಕೆ ಚಾಪೆಲ್ಲಿನ ಮಾಡಿನ ಮೇಲೆ ಗಾಳಿಯ ದಿಕ್ಕು ತೋರುವ ತಗಡಿನ ಹುಂಜದ ಬಾಲದಲ್ಲಿದ್ದ ತುಕ್ಕಿನ ತೂತು ಅವನದಾಯಿತು. ಯಾರೂ ಏಣಿ ಹತ್ತಿ ನೋಡಲಿಲ್ಲ. ತಮಾಷೆಯೆಂದರೆ ಅವನ ಉದ್ಯೋಗವೇ ಪರೀಕ್ಷೆ ಮಾಡುವುದು. ಹಡಗಿನ ಸರಪಣಿಗಳನ್ನು ಯಂತ್ರಕ್ಕೆ ಬಿಗಿದು, ಎಷ್ಟು ಎಳೆದರೆ ತುಂಡಾಗುತ್ತದೆಂದು ನೋಡಿ ಮುದ್ರೆ ಒತ್ತುವವನು ಅವನು. ಇಪ್ಪತ್ತಾರು ವರ್ಷ ಊರಿನ ಸರಪಣಿಯನ್ನೆಲ್ಲ ಜಗ್ಗಿ ನೋಡಿದವನು ತನ್ನ ಮಾತನ್ನು ಒಂದು ಸಲವೂ ಜಗ್ಗಿ ನೋಡಲಿಲ್ಲ.

ಅವನ ಮಾತಿಗೆ ವೇದಾಂತದ ಬೆಂಬಲ ಕೊಡುತ್ತಿದ್ದವನು ಸೈಲಸ್ ಬಯ್‌ವಾಟರ್, ಪಬ್ಬಿನ ಮೂಲೆಯ ಬೆಂಚಿನ ಕಾಯಂ ಗಿರಾಕಿ.

“ಬಂದೂಕು ಬೇರೆ, ಗಾಳಿಕೋವಿ ಬೇರೆ ಕಣ್ರಯ್ಯಾ,” ಎನ್ನುತ್ತಿದ್ದ. “ಬಂದೂಕಿನ ಮದ್ದು ಉರಿದು ಮುಗಿಯುತ್ತೆ. ಗಾಳಿ ಮುಗಿಯುತ್ತಾ? ಹೊರಗೆಲ್ಲಾ ಗಾಳಿನೇ ಇರೋದು. ಕಾಳು ಹೋಗ್ತಾ ಹೋಗ್ತಾ ಇನ್ನೂ ಜೋರು ಹಿಡಿಯುತ್ತೆ. ಇಳಿಜಾರಲ್ಲಿ ಬಿಟ್ಟ ಗಾಡಿ ಹಂಗೆ.”

ಯಾರೂ ಎದುರಾಡುತ್ತಿರಲಿಲ್ಲ. ಗಂಟೆಗೆ ಇಪ್ಪತ್ತಕ್ಕಿಪ್ಪತ್ತು ಹೊಡೆದವನು ಹೊರಗೆ ಹೋದರೆ ತಪ್ಪುತ್ತಾನೆ ಎಂದು ಹೇಳಲು ಅಲ್ಲಿ ಯಾರೂ ಹೊರಗೆ ಹೋಗಿ ಹೊಡೆದವರೇ ಅಲ್ಲ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಮಾತು ನಮ್ಮಲ್ಲಿದೆ. ಇವರದ್ದು ಪಬ್ಬಿನ ಅಗ್ಗಿಷ್ಟಿಕೆಯ ಮುಂದೆ, ಅಷ್ಟೇ ವ್ಯತ್ಯಾಸ.

ಹಲಗೆಯ ಪಕ್ಕ ಕುಂಚ ಹಿಡಿದು ನಿಲ್ಲುತ್ತಿದ್ದವನು ಕ್ಲಾರೆನ್ಸನ ಪಕ್ಕದ ಮನೆಯ ಹ್ಯೂಬರ್ಟ್ ಡ್ಯಾಂಕ್ಸ್. ಬೇರೆಯವರು ಗುರಿ ಹಿಡಿದಾಗ ಎರಡು ಹೆಜ್ಜೆ ಸರಿಯುತ್ತಿದ್ದ. ಕ್ಲಾರೆನ್ಸ್ ಹಿಡಿದಾಗ ಅಲ್ಲಾಡುತ್ತಿರಲಿಲ್ಲ. ಮಾತು ಕಡಿಮೆ. ಹೆಂಡತಿ ನೆಲ್ ಸತ್ತು ನಾಲ್ಕು ವರ್ಷವಾಗಿತ್ತು. ಅಂದಿನಿಂದ ಭಾನುವಾರ ಮಧ್ಯಾಹ್ನದ ಊಟ ಟ್ರೋಮನ್ಸರ ಮನೆಯಲ್ಲಿ. ಕ್ಲಾರೆನ್ಸನ ಹೆಂಡತಿ ಆಲಿವ್ ಮೂರನೆಯ ತಟ್ಟೆ ಇಡುತ್ತಿದ್ದಳು. ಹ್ಯೂಬರ್ಟ್ ಬಂದು ಹುರಿದ ಮಾಂಸ, ಆಲೂಗಡ್ಡೆ ತಿಂದು, “ಚೆನ್ನಾಗಿತ್ತು” ಎಂದು ಎದ್ದುಹೋಗುತ್ತಿದ್ದ. ವಾರದಲ್ಲಿ ಅವನು ಮನುಷ್ಯರೊಡನೆ ಕೂತು ತಿನ್ನುತ್ತಿದ್ದದ್ದು ಅದೊಂದೇ ಊಟ. ಉಳಿದ ಹೊತ್ತೆಲ್ಲ ಅಂಗಳದ ಗೂಡಿನಲ್ಲಿ, ಪಾರಿವಾಳಗಳ ಜೊತೆ. ಅವುಗಳಲ್ಲಿ ಡಚೆಸ್ ಎಂಬ ನೀಲಿ ಹೆಣ್ಣನ್ನು ನೆಲ್ ಸಾಯುವ ವರ್ಷ ಬೂಟಿನ ಡಬ್ಬದಲ್ಲಿಟ್ಟು, ಬೆರಳಿನಿಂದ ಕಾಳು ತಿನ್ನಿಸಿ ಸಾಕಿದ್ದಳು.

1977ರ ಜೂನಿನ ಒಂದು ಶನಿವಾರ ಆ ಡಚೆಸ್ ಪಾರಿವಾಳಗಳ ಪಂದ್ಯದಲ್ಲಿ ಫ್ರಾನ್ಸಿನಿಂದ ಹಾರಿ ಬರಬೇಕಿತ್ತು. ಪಂದ್ಯದ ದಿನ ಬೀದಿಗೆ ಬೀದಿಯೇ ಉಸಿರು ಹಿಡಿಯುವುದು ಅಲ್ಲಿಯ ಪದ್ಧತಿ. ಹೆಂಗಸರು ಒಗೆದ ಬಟ್ಟೆಯನ್ನು ಹಗ್ಗದಿಂದ ತೆಗೆಯುತ್ತಾರೆ, ನಾಯಿಯನ್ನು ಒಳಗೆ ಕಟ್ಟುತ್ತಾರೆ. ಏಕೆಂದರೆ ಹಕ್ಕಿ ಊರಿಗೆ ಬಂದರೆ ಸಾಲದು. ಗೂಡಿಗಿಳಿದು, ಅದರ ಕಾಲಿನ ಉಂಗುರ ಬಿಚ್ಚಿ, ಬಂದ ಹೊತ್ತು ಅಚ್ಚೊತ್ತುವ ಗಡಿಯಾರದ ಪೆಟ್ಟಿಗೆಗೆ ಹಾಕಿದ ಮೇಲೆಯೇ ಬಂದಂತೆ ಲೆಕ್ಕ. ಹೆದರಿ ಯಾರದೋ ಮಾಡಿನ ಮೇಲೆ ಕೂತುಬಿಟ್ಟರೆ ನಾನೂರು ಮೈಲಿ ಹಾರಿದ್ದು ನೀರುಪಾಲು.

ಅಂಥ ದಿನ ಕ್ಲಾರೆನ್ಸ್ ತನ್ನ ಅಂಗಳದಲ್ಲಿ ಕಾಕಂಬಿ ಡಬ್ಬಿಯೊಂದನ್ನು ಗೋಡೆಯ ಮೇಲಿಟ್ಟು ಹೊಡೆಯುತ್ತಿದ್ದ. ಗಾಳಿಕೋವಿಯದು ಸದ್ದೇ ಅಲ್ಲ ಎಂಬುದು ಅವನ ವಾದ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಡಚೆಸ್ ಬಂತು. ಬಂದು ಚಾಪೆಲ್ಲಿನ ಮಾಡಿನ ಮೇಲೆ ಕೂತಿತು. ಹ್ಯೂಬರ್ಟ್ ಕಾಳಿನ ಡಬ್ಬಿ ಅಲ್ಲಾಡಿಸಿ, “ಬಾರಮ್ಮ, ಬಾ” ಎಂದು ಕರೆಯುತ್ತಿದ್ದ. ಇತ್ತ ಕ್ಲಾರೆನ್ಸ್ ಕೋವಿಯ ಕುದುರೆ ಎಳೆದ. ಅತ್ತ ಹಕ್ಕಿ ಪಕ್ಕಕ್ಕೆ ವಾಲಿ, ಹಂಚಿನ ಮೇಲೆ ಉರುಳಿಕೊಂಡು ಬಂದು, ಅಂಚಿನಿಂದ ಕೆಳಗೆ ಬಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಇಷ್ಟು ಸರಿಯಾಗಿ ಹೊಂದಿದ್ದನ್ನು ಆ ಬೀದಿ ಹಿಂದೆ ಕಂಡಿರಲಿಲ್ಲ.

ಪಬ್ಬಿನ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ಹನ್ನೊಂದು ಜನ ಕೋವಿಯ ಟಪ್ ಕೇಳಿದರು, ಹಕ್ಕಿ ಬಿದ್ದದ್ದನ್ನು ಕಂಡರು. ಏನು ಗಲಾಟೆಯೆಂದು ಕ್ಲಾರೆನ್ಸ್ ಕೋವಿ ಸಮೇತ ಬೀದಿಗೆ ಬಂದ. ಹನ್ನೊಂದು ಮುಖಗಳೂ ಅವನತ್ತ ತಿರುಗಿದವು, ಬಾಯಿ ತೆರೆದುಕೊಂಡು.

“ಅಂಗಳದಿಂದ್ಲೇ ಹೊಡೆದ್ಯೇನೋ ಕ್ಲಾರೆನ್ಸು?” ಎಂದ ಸೈಲಸ್. “ಚಾಪೆಲ್ ಮಾಡಿಗೆ? ನೂರ ನಲವತ್ತು ಗಜ ಆಗುತ್ತಲ್ಲೋ ಮಾರಾಯ.”

“ನೂರೈವತ್ತು,” ಎಂದ ಕ್ಲಾರೆನ್ಸ್.

ಏನು ಬಿದ್ದಿತೆಂದು ಅವನು ಇನ್ನೂ ನೋಡಿರಲಿಲ್ಲ. ಹೊಗಳಿಕೆ ಬರುತ್ತಿರುವಾಗ ಅದು ಯಾವುದಕ್ಕೆ ಎಂದು ವಿಚಾರಿಸುವುದು ಅವನ ಸ್ವಭಾವವಲ್ಲ. ಅಷ್ಟರಲ್ಲಿ ಚಾಪೆಲ್ಲಿನ ಮೂಲೆ ತಿರುಗಿ ಹ್ಯೂಬರ್ಟ್ ಬಂದ. ಎರಡು ಕೈಯಲ್ಲೂ ಹಕ್ಕಿಯನ್ನು ಹಿಡಿದುಕೊಂಡಿದ್ದ. ಕ್ಲಾರೆನ್ಸನನ್ನು ನೋಡಿದ, ಕೋವಿಯನ್ನು ನೋಡಿದ, ತನ್ನ ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡ.

“ಹ್ಯೂಬರ್ಟ್, ನಾನಲ್ಲ ಕಣೋ,” ಎಂದ ಕ್ಲಾರೆನ್ಸ್ ಬಾಗಿಲಿಗೆ. “ನಾನು ಹೊಡೆದದ್ದು ಡಬ್ಬಿಗೆ.”

“ನೂರೈವತ್ತು ಅಂದ್ಯಲ್ಲ,” ಎಂದ ಸೈಲಸ್ ಹಿಂದಿನಿಂದ.

“ಅದು ದೂರ ಹೇಳಿದ್ದು.”

“ಹೊಡೀದೇ ದೂರ ಹೆಂಗೆ ಗೊತ್ತಾಯ್ತು?”

ಮರುದಿನ ಭಾನುವಾರ. ಆಲಿವ್ ಮೂರು ತಟ್ಟೆ ಇಟ್ಟಳು. ಎರಡೂವರೆಯವರೆಗೆ ಕಾದು, ಮೂರನೆಯದನ್ನು ಹಾಗೇ ಎತ್ತಿಟ್ಟಳು. ಗೋಡೆಯಾಚೆ ಹ್ಯೂಬರ್ಟ್ ಬ್ರೆಡ್ಡು ಕೊಯ್ಯುತ್ತಿದ್ದ ಸದ್ದು ಕೇಳುತ್ತಿತ್ತು.

“ಬಾಯಿ ಇದೆಯಲ್ಲ ನಿಂದು,” ಎಂದಳು ಆಲಿವ್, “ಅದಕ್ಕೂ ಒಂದು ಪರವಾನಗಿ ಇಡಬೇಕಿತ್ತು ಸರ್ಕಾರ.”

ಸೋಮವಾರದಿಂದ ಊರು ಕೆಲಸ ಶುರುಮಾಡಿತು. ಆ ಊರಿನಲ್ಲಿ ಗಂಡಸರಲ್ಲಿ ಅರ್ಧ ಜನ ಪಾರಿವಾಳದವರು. ಬೇರೆಯವರ ಹೆಂಡತಿಯನ್ನು ಓಡಿಸಿಕೊಂಡು ಹೋದವನನ್ನಾದರೂ ಮೂರು ವರ್ಷಕ್ಕೆ ಕ್ಷಮಿಸುತ್ತಾರೆ, ಮನೆಗೆ ಮರಳುತ್ತಿದ್ದ ಹಕ್ಕಿಯನ್ನು ಹೊಡೆದವನನ್ನು ಇಲ್ಲ. ಕಾರ್ಖಾನೆಯಲ್ಲಿ ಕ್ಲಾರೆನ್ಸನ ಚಹದ ಲೋಟದ ಹಿಡಿ ಮುರಿದಿತ್ತು. ಮನೆಯ ಬಾಗಿಲಿಗೆ ಸತ್ತ ಪಾರಿವಾಳವೊಂದನ್ನು ಕಾಲು ಕಟ್ಟಿ ತೂಗುಹಾಕಿದ್ದರು. ಮಾಂಸದಂಗಡಿಯವನು ಆಲಿವ್‌ಗೆ ಬರೀ ಮೂಳೆ ಸುತ್ತಿಕೊಟ್ಟು, “ನಿಮ್ಮನೇಲಿ ಹಕ್ಕಿ ಮಾಂಸ ಇರಬೇಕಲ್ಲ” ಎಂದ. ವಿಚಿತ್ರವೆಂದರೆ ಹೀಗೆ ಉಗಿಯುತ್ತಿದ್ದವರೇ ಅಷ್ಟೇ ಶ್ರದ್ಧೆಯಿಂದ ಅವನ ಕೀರ್ತಿಯನ್ನೂ ಬೆಳೆಸುತ್ತಿದ್ದರು. ಬುಧವಾರಕ್ಕೆ ದೂರ ಇನ್ನೂರು ಗಜವಾಯಿತು. ಗುರುವಾರಕ್ಕೆ ಹಕ್ಕಿ ಹಾರುತ್ತಿತ್ತು.

ಮಂಗಳವಾರ ಸಾರ್ಜೆಂಟ್ ಪಾರ್ಡೋ ಬಂದಿದ್ದ. ದಪ್ಪ ಮನುಷ್ಯ, ಮೊಣಕಾಲು ನೋವು. ಅಡುಗೆಮನೆಯ ಕುರ್ಚಿಯಲ್ಲಿ ಕೂತು ಪುಸ್ತಕ ತೆಗೆದ.

“ಡ್ಯಾಂಕ್ಸ್‌ನ ಹಕ್ಕಿ ಬಗ್ಗೆ ಠಾಣೆಗೆ ಹದಿನಾಲ್ಕು ದೂರು ಬಂದಿದೆ. ಡ್ಯಾಂಕ್ಸ್ ಮಾತ್ರ ಕೊಟ್ಟಿಲ್ಲ. ಹೇಳು ಟ್ರೋಮನ್ಸ್, ನೂರೈವತ್ತು ಗಜದಿಂದ ಹೊಡೆದದ್ದು ಹೌದಾ?”

“ಡಬ್ಬಿಗೆ ಹೊಡೆದೆ ಸಾರ್. ಹನ್ನೆರಡು ಹೆಜ್ಜೆ ದೂರದ್ದು.”

“ಡಬ್ಬಿಗೆ ಬಿತ್ತಾ?”

ಕ್ಲಾರೆನ್ಸ್ ಕಿಟಕಿಯ ಹೊರಗೆ ನೋಡಿದ. “ಗಾಳಿ ಸ್ವಲ್ಪ ಇತ್ತು.”

“ನೋಡು, ಕಾನೂನು ಹೇಳ್ತೀನಿ. ಗಾಳಿಕೋವಿ ಬಲ ಹನ್ನೆರಡು ಪೌಂಡ್ ಒಳಗಿದ್ರೆ ಅದು ಆಟದ ಸಾಮಾನು. ಮೇಲಿದ್ರೆ ಬಂದೂಕು. ಪರವಾನಗಿ ಇಲ್ಲದ ಬಂದೂಕಿಗೆ ಜೈಲು. ನೂರೈವತ್ತು ಗಜದಲ್ಲಿ ಹಕ್ಕಿ ಉದುರಿಸೋ ಕೋವಿ ಹನ್ನೆರಡರ ಒಳಗಿರೋಕೆ ಸಾಧ್ಯ ಇಲ್ಲ. ಅದಕ್ಕೆ ನೀನೇ ಹೇಳು. ನೀನು ಅಪರಾಧಿನೋ, ಬಡಾಯಿಕೋರನೋ? ಎರಡಕ್ಕೂ ಇಲ್ಲಿ ಜಾಗ ಇದೆ.”

“ಬಡಾಯಿ ಅಂತ ಬರ್ಕೊಳ್ಳಿ,” ಎಂದಳು ಆಲಿವ್. “ಮೂವತ್ತೊಂದು ವರ್ಷದ ಸಾಕ್ಷಿ ನಾನಿದ್ದೀನಿ. ಹೋದ ಚಳಿಗಾಲ ಹಿತ್ತಲಿಗೆ ಇಲಿ ಬಂತು. ಆರು ಕಾಳು ಹಾರಿಸಿದ. ಇಲಿ ಕೂತ್ಕೊಂಡು ಇವನನ್ನೇ ನೋಡ್ತಾ ಇತ್ತು. ಕೊನೆಗೆ ನಾನು ಕಲ್ಲಿದ್ದಲ ಸಲಿಕೆ ತಗೊಂಡು ಹೋದೆ.”

“ಅವತ್ತು ಬೆಳಕು ಕಮ್ಮಿ ಇತ್ತು ಸಾರ್,” ಎಂದ ಕ್ಲಾರೆನ್ಸ್.

ಸಾರ್ಜೆಂಟ್ ಪೆನ್ಸಿಲ್ ನಿಲ್ಲಿಸಿದ. “ಅಂದ್ರೆ ಬೆಳಕು ಇದ್ದಿದ್ರೆ ಹೊಡೀತಿದ್ದೆ?”

ಅತ್ತ ದರಿ ಇತ್ತ ಪುಲಿ. ಹೌದೆಂದರೆ ಜೈಲು, ಇಲ್ಲವೆಂದರೆ ಹದಿನಾರು ವರ್ಷದ ಕೀರ್ತಿ ಅಡುಗೆಮನೆಯ ನೆಲದ ಮೇಲೆ. ಕ್ಲಾರೆನ್ಸ್ ಕೆಮ್ಮಿದ. ಕೋವಿಯ ಬಲ ಅಳೆಯುವ ಬರ್ಮಿಂಗ್‌ಹ್ಯಾಮಿನವನು ರಜೆಯಲ್ಲಿದ್ದಾನೆಂದೂ, ಮುಂದಿನ ಸೋಮವಾರ ಬಂದು ಕೋವಿ ಒಯ್ಯುವುದಾಗಿಯೂ ಹೇಳಿ ಸಾರ್ಜೆಂಟ್ ಎದ್ದ.

ಜೈಲಿನ ಭಯ ಕ್ಲಾರೆನ್ಸನಿಗೆ ಇರಲಿಲ್ಲವೆಂದಲ್ಲ. ಆದರೆ ಅವನನ್ನು ತಿನ್ನುತ್ತಿದ್ದದ್ದು ಬೇರೆ. ಗೋಡೆಯಾಚೆ ಬ್ರೆಡ್ಡು ಕೊಯ್ಯುವ ಸದ್ದು. ಹ್ಯೂಬರ್ಟ್ ಒಬ್ಬ ನಂಬಿಬಿಟ್ಟರೆ ಉಳಿದ ಊರು ಏನು ಬೇಕಾದರೂ ಅಂದುಕೊಳ್ಳಲಿ ಎಂದು ಅವನು ಆಲಿವ್‌ಗೆ ಹೇಳಿದ. ನಲವತ್ತು ವರ್ಷದ ಸ್ನೇಹ ಅದು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಪೆಟ್ಟು ತಿಂದವರು, ಒಂದೇ ದಿನ ಕಾರ್ಖಾನೆಗೆ ಸೇರಿದವರು. ಮೂರು ಸಲ ಬಾಗಿಲು ತಟ್ಟಿದ. ಮೂರು ಸಲವೂ ಒಳಗೆ ಹೆಜ್ಜೆ ಸದ್ದು ನಿಂತಿತೇ ಹೊರತು ಬಾಗಿಲ ಹತ್ತಿರ ಬರಲಿಲ್ಲ.

ಕಡೆಗೆ ಕ್ಲಾರೆನ್ಸ್ ಬಹಿರಂಗ ಪರೀಕ್ಷೆಗೆ ಮುಂದಾದ. ಶನಿವಾರ ಮಧ್ಯಾಹ್ನ, ಪಬ್ಬಿನ ಹಿಂದೆ ಗಣಿಯ ಕಸ ಸುರಿದು ಬೆಳೆದ ಕರಿದಿಬ್ಬದ ಬಯಲಿನಲ್ಲಿ. ಪಬ್ಬಿನೊಡತಿ ಬೆಸ್ಸಿ ಒಂದು ದೊಡ್ಡ ತಗಡಿನ ತಟ್ಟೆ ಕೊಟ್ಟಳು. ಅಳತೆಯ ಪಟ್ಟಿ ಹಿಡಿದು ನೂರೈವತ್ತು ಗಜ ಎಣಿಸಿ, ಕೋಲು ನೆಟ್ಟು ತೂಗುಹಾಕಿದರು. ಇಲ್ಲಿಂದ ನೋಡಿದರೆ ತಟ್ಟೆ ಗುಂಡಿಯಷ್ಟು ಕಾಣುತ್ತಿತ್ತು. ಹದಿನಾರು ವರ್ಷ ಬಾಯಲ್ಲಿ ಆಡಿದ ದೂರ ಎಷ್ಟಿರುತ್ತದೆಂದು ಕ್ಲಾರೆನ್ಸ್ ನೋಡಿದ್ದು ಅದೇ ಮೊದಲು.

ಅರ್ಧ ಊರು ಸೇರಿತ್ತು. ಹ್ಯೂಬರ್ಟ್ ದೂರದ ಬೇಲಿಯ ಹತ್ತಿರ, ಕೈ ಜೇಬಿನಲ್ಲಿ ಇಟ್ಟುಕೊಂಡು ನಿಂತಿದ್ದ.

ಕ್ಲಾರೆನ್ಸ್ ಹತ್ತು ಕಾಳು ಹೊಡೆದ. ಪ್ರಾಮಾಣಿಕವಾಗಿ, ಉಸಿರು ಕಟ್ಟಿ ಹೊಡೆದ. ಹತ್ತೂ ತಟ್ಟೆಗಿಂತ ಬಹಳ ಈಚೆ, ನೂರು ಗಜವೂ ಮುಟ್ಟದೆ ಕರಿಧೂಳಿನಲ್ಲಿ ಪುಸ್ ಪುಸ್ ಎಂದು ಹೂತುಹೋದವು.

“ನೋಡಿದ್ರಾ,” ಎಂದ ಕ್ಲಾರೆನ್ಸ್ ಜನರತ್ತ ತಿರುಗಿ. ಬಾಳಿನಲ್ಲಿ ಮೊದಲ ಸಲ ತಪ್ಪಿದ್ದಕ್ಕೆ ಹೆಮ್ಮೆಪಡುತ್ತಿದ್ದ.

ಜನ ಸೈಲಸನ ಮುಖ ನೋಡಿದರು. ಸೈಲಸ್ ಕಾಳು ಬಿದ್ದ ಕಡೆಗೆ ನಡೆದುಹೋಗಿ, ಬಾಗಿ ನೋಡಿ, ಮೆಲ್ಲಗೆ ವಾಪಸು ಬಂದ.

“ಹತ್ತೂ ಒಂದೇ ಕಡೆ ಬಿದ್ದಿವೆ,” ಎಂದ. “ಒಂದು ಕಂಬಳಿಯಲ್ಲಿ ಮುಚ್ಚಬಹುದು. ಹೊಡೆಯೋಕೆ ಬರದವನ ಕಾಳು ದಿಕ್ಕಾಪಾಲಾಗಿ ಹೋಗುತ್ತೆ ಕಣ್ರಯ್ಯಾ. ಇಷ್ಟು ಲಕ್ಷಣವಾಗಿ ತಪ್ಪಬೇಕಂದ್ರೆ ಎಂಥಾ ಕೈ ಇರಬೇಕು.”

ಜನರಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು.

“ನೀವೇ ಹೊಡೆದು ನೋಡಿ ಹಂಗಾದ್ರೆ,” ಎಂದು ಕ್ಲಾರೆನ್ಸ್ ಕೋವಿಯನ್ನು ಮುಂದೆ ಚಾಚಿದ. ಐದಾರು ಜನ ಹೊಡೆದರು. ಯಾರದ್ದೂ ತಟ್ಟೆಯ ಹತ್ತಿರ ಸುಳಿಯಲಿಲ್ಲ.

“ಸರಿಯಪ್ಪ, ಇವರೇನು ಕ್ಲಾರೆನ್ಸ್ ಟ್ರೋಮನ್ಸಾ?” ಎಂದಳು ಬೆಸ್ಸಿ.

“ಇವತ್ತು ಎದುರುಗಾಳಿ ಬೇರೆ,” ಎಂದ ಇನ್ನೊಬ್ಬ. “ಅವತ್ತು ಹಿಂಗಾಳಿ.”

ಆಲಿವ್ ಮುಂದೆ ಬಂದು ಇಲಿಯ ಕಥೆಯನ್ನು ಮತ್ತೆ ಹೇಳಿದಳು. ಕಟ್ಟಿಕೊಂಡವಳು ಇನ್ನೇನು ಹೇಳುತ್ತಾಳೆ ಎಂದು ಜನ ಕನಿಕರದಿಂದ ಕೇಳಿದರು. ಕ್ಲಾರೆನ್ಸ್ ಬೇಲಿಯತ್ತ ನೋಡಿದಾಗ ಹ್ಯೂಬರ್ಟ್ ಹೊರಟುಹೋಗಿದ್ದ.

ಮರುದಿನ ಭಾನುವಾರ ಬೆಳಿಗ್ಗೆ ಆಲಿವ್ ಚಾಪೆಲ್ಲಿಗೆ ಹೋದಳು. ಬೀದಿಯೂ ಅವಳ ಹಿಂದೆ ಹೋಯಿತು. ಕ್ಲಾರೆನ್ಸ್ ಕೋವಿ ತೆಗೆದುಕೊಂಡು, ಗೋಡೆ ಹಾರಿ, ಪಾರಿವಾಳದ ಗೂಡಿನ ಬಾಗಿಲಲ್ಲಿ ನಿಂತ. ಹ್ಯೂಬರ್ಟ್ ನೆಲ ಕೆರೆಯುತ್ತಿದ್ದ. ವಾರದಲ್ಲಿ ಕೆನ್ನೆ ಒಳಗೆ ಹೋಗಿತ್ತು.

“ನಾನು ಬೇಕಂತ ತಪ್ಪಿಸಿದೆ ಅಂತ ನೀನೂ ಅಂದ್ಕೊಂಡಿದ್ದೀಯಾ?”

ಹ್ಯೂಬರ್ಟ್ ಕೆರೆಯುತ್ತಲೇ ಇದ್ದ.

“ಹಂಗಾದ್ರೆ ಬಾ. ನಾನು ನಿಲ್ತೀನಿ, ನೀನು ಹೊಡಿ. ಹಕ್ಕಿ ಸತ್ತ ದೂರದಲ್ಲಿ ನನಗೆ ಏನೂ ಆಗದಿದ್ರೆ ಆಗ್ಲಾದ್ರೂ ನಂಬ್ತೀಯಾ?”

“ಮನೆಗೆ ಹೋಗು,” ಎಂದ ಹ್ಯೂಬರ್ಟ್. ಎಂಟು ದಿನದಲ್ಲಿ ಅವನಾಡಿದ ಮೊದಲ ಮಾತು. ಕ್ಲಾರೆನ್ಸನಿಗೆ ಅದರಿಂದಲೇ ಧೈರ್ಯ ಬಂತು. ಕೋವಿಯನ್ನು ಅವನ ಕೈಗೆ ತುರುಕಿ, ತೋಳು ಹಿಡಿದು ಎಳೆದುಕೊಂಡೇ ಹೋದ.

ಕರಿದಿಬ್ಬದ ಬಯಲಿನಲ್ಲಿ ಬೆಸ್ಸಿಯ ತಟ್ಟೆ ಹಾಗೇ ತೂಗುತ್ತಿತ್ತು. ಕ್ಲಾರೆನ್ಸ್ ಅದರ ಮುಂದೆ ದಪ್ಪ ಕೋಟು ತೊಟ್ಟು ನಿಂತ. ಹ್ಯೂಬರ್ಟ್ ಆ ತುದಿಯಲ್ಲಿ ಕೋವಿಯನ್ನು ಕೆಳಮುಖ ಮಾಡಿ ತುಂಬ ಹೊತ್ತು ನಿಂತಿದ್ದು, ಕೊನೆಗೆ ಎತ್ತಿ ಒಂದು ಹೊಡೆದ. ಕಾಳು ಎಲ್ಲಿ ಬಿತ್ತೆಂಬುದೇ ತಿಳಿಯಲಿಲ್ಲ.

“ಮುಂದೆ ಬಾ,” ಎಂದು ಕ್ಲಾರೆನ್ಸ್ ಕೂಗಿದ.

ನೂರು ಗಜದಿಂದಲೂ ಏನೂ ಬರಲಿಲ್ಲ. ಎಂಬತ್ತರಿಂದ ಹೊಡೆದ ಮೂರನೆಯ ಕಾಳು ಕೋಟಿನ ಅಂಚಿಗೆ ತಾಗಿ, ಬಟಾಣಿಯಂತೆ ನೆಲಕ್ಕುದುರಿತು. ಕ್ಲಾರೆನ್ಸ್ ಅದನ್ನು ಹೆಕ್ಕಿ ಎತ್ತಿ ತೋರಿಸಿದ. ಅವನಿಗೆ ಆನಂದ ತಡೆಯಲಾಗಲಿಲ್ಲ. “ನೋಡೋ. ಇದು ಕೋವಿನೇ ಅಲ್ಲ. ಇದರಿಂದ ನೊಣ ಸಾಯಲ್ಲ ಕಣೋ. ಇನ್ನೂ ಮುಂದೆ ಬಾ.”

ಹದಿನಾರು ವರ್ಷ ತನ್ನ ಕೋವಿ ಫಿರಂಗಿಯೆಂದು ನಂಬಿದ್ದವನು ಹತ್ತೇ ನಿಮಿಷದಲ್ಲಿ ಅದು ಪುಟ್ಟ ಮಕ್ಕಳ ಪೀಪಿಯೆಂದು ನಂಬಿಬಿಟ್ಟ. ನಡುವೆ ನಿಲ್ಲುವುದು ಅವನಿಗೆ ಮೊದಲಿನಿಂದಲೂ ಬರುತ್ತಿರಲಿಲ್ಲ.

ಐವತ್ತು ಗಜದಲ್ಲಿ ಒಂದು ಕಾಳು ತೊಡೆಗೆ ತಾಗಿ ಕಣಜ ಕಡಿದಂತಾಯಿತು. ಕ್ಲಾರೆನ್ಸ್ ತೊಡೆ ಉಜ್ಜಿಕೊಂಡು ನಕ್ಕ.

“ಸಾಕು,” ಎಂದ ಹ್ಯೂಬರ್ಟ್.

“ನಂಬ್ತೀನಿ ಅನ್ನು.”

ಹ್ಯೂಬರ್ಟ್ ಅನ್ನಲಿಲ್ಲ.

“ಅನ್ನೋವರೆಗೂ ನಾನು ಹೋಗಲ್ಲ. ಇನ್ನೂ ಇಪ್ಪತ್ತು ಹೆಜ್ಜೆ ಬಾ. ಕೋಟಿನ ಎರಡನೇ ಗುಂಡಿಗೆ ಹೊಡಿ. ಅದಕ್ಕೇನೂ ಆಗಲ್ಲ.”

ಹ್ಯೂಬರ್ಟ್ ಬಂದು ನಿಂತ. ಮೂವತ್ತು ಹೆಜ್ಜೆ. ಅಲ್ಲಿಂದ ಒಬ್ಬರ ಮುಖ ಒಬ್ಬರಿಗೆ ಚೆನ್ನಾಗಿ ಕಾಣುತ್ತಿತ್ತು.

“ನಾನು ಮನೆಗೆ ಹೋಗ್ತೀನಿ ಕ್ಲಾರೆನ್ಸು.”

“ನೆಲ್ ಇದ್ದಿದ್ರೆ ಒಂದೇ ಮಾತಿಗೆ ನಂಬಿರೋಳು,” ಎಂದ ಕ್ಲಾರೆನ್ಸ್.

ಹ್ಯೂಬರ್ಟ್ ಕೋವಿ ಎತ್ತಿದ. ಎರಡನೇ ಗುಂಡಿಗೇ ಗುರಿಯಿಟ್ಟ, ಅದರಲ್ಲಿ ಸಂಶಯವಿಲ್ಲ. ಆದರೆ ಗಾಳಿಕೋವಿಯಲ್ಲಿ ಒಂದು ಕಿತಾಪತಿಯಿದೆ. ಅದರೊಳಗಿನ ಸ್ಪ್ರಿಂಗು ಕಾಳು ನಳಿಗೆ ಬಿಡುವ ಮೊದಲೇ ಒದೆಯುತ್ತದೆ. ಮೊಲದ ಮರಿಯನ್ನು ಹಿಡಿದಂತೆ ಸಡಿಲವಾಗಿ ಹಿಡಿದರೆ ಮಾತ್ರ ಹೇಳಿದ ಕಡೆ ಹೊಡೆಯುತ್ತದೆ. ಇಪ್ಪತ್ತಕ್ಕಿಪ್ಪತ್ತು ಗಂಟೆ ಬಾರಿಸಿದ ಗುಟ್ಟೂ ಅದೇ. ಕ್ಲಾರೆನ್ಸ್ ಅದನ್ನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹ್ಯೂಬರ್ಟ್ ಕೋವಿಯನ್ನು ಸಿಟ್ಟಿನಿಂದ, ಎರಡು ಕೈಯಲ್ಲೂ ಅವುಚಿ ಹಿಡಿದಿದ್ದ. ಕಾಳು ಕ್ಲಾರೆನ್ಸನ ಎಡಗಣ್ಣಿಗೆ ಹೋಯಿತು.

ಚಾಪೆಲ್ಲಿನಿಂದ ಮರಳುತ್ತಿದ್ದ ಆಲಿವ್, ಬೀದಿಯ ತುದಿಯಲ್ಲಿ ಹ್ಯೂಬರ್ಟ್ ತನ್ನ ಗಂಡನನ್ನು ಹೆಗಲಿಗೆ ಹಾಕಿಕೊಂಡು ಓಡಿಬರುವುದನ್ನು ಕಂಡಳು. ಇಬ್ಬರ ಮೈಯೂ ರಕ್ತ. ಕಣ್ಣು ಉಳಿಯಲಿಲ್ಲ.

ಸೋಮವಾರ ಸಾರ್ಜೆಂಟ್ ಪಾರ್ಡೋ ಕೋವಿ ಒಯ್ಯಲು ಬಂದವನು, ಅದನ್ನು ಬರ್ಮಿಂಗ್‌ಹ್ಯಾಮಿಗೆ ಕಳಿಸಿದ. ಬುಧವಾರ ಪುಸ್ತಕ ಹಿಡಿದು ಆಸ್ಪತ್ರೆಗೆ ಬಂದ. ಕ್ಲಾರೆನ್ಸ್ ತಲೆಗೆ ಅರ್ಧ ಬಟ್ಟೆ ಸುತ್ತಿಸಿಕೊಂಡು ಮಲಗಿದ್ದ. ಪಕ್ಕದ ಸ್ಟೂಲಿನಲ್ಲಿ ಹ್ಯೂಬರ್ಟ್. ಮೂರು ದಿನದಿಂದ ಭೇಟಿಯ ಹೊತ್ತಿಗೆ ಬಂದು, ಒಂದು ಮಾತೂ ಆಡದೆ ಕೂತು, ಗಂಟೆ ಹೊಡೆದಾಗ ಎದ್ದುಹೋಗುತ್ತಿದ್ದ.

“ಕೋವಿಯ ಬಲ ಐದೂವರೆ ಪೌಂಡು,” ಎಂದ ಸಾರ್ಜೆಂಟ್. “ಅರ್ಧವೂ ಇಲ್ಲ. ಅದರಿಂದ ಅಷ್ಟು ದೂರದ ಹಕ್ಕಿ ಹೊಡೆಯೋದು ಅಂದ್ರೆ ಕಲ್ಲಿನಿಂದ ಚಂದ್ರನನ್ನ ಹೊಡೆದ ಹಂಗೆ ಅಂದ ಅಳೆದವನು. ಆ ವಿಷಯ ಮುಗೀತು. ಈಗ ಈ ಕಣ್ಣಿಂದು. ಯಾರು ಹೊಡೆದದ್ದು?”

ಹ್ಯೂಬರ್ಟ್ ಎದ್ದು ನಿಂತ. “ಸಾರ್, ಅದು—”

“ನಾನೇ,” ಎಂದ ಕ್ಲಾರೆನ್ಸ್. “ಕಾಳು ಇದೆಯಾ ಇಲ್ವಾ ಅಂತ ನಳಿಗೆಯೊಳಗೆ ಕಣ್ಣಿಟ್ಟು ನೋಡಿದೆ. ಕುದುರೆ ಕೈಗೆ ತಾಗ್ತು.”

ಅಕ್ಕಪಕ್ಕದ ಆರು ಹಾಸಿಗೆಯವರೂ ಇತ್ತ ತಿರುಗಿದರು.

“ನಾಯಕ ನೀನು. ಹದಿನಾರು ವರ್ಷದಿಂದ ಹೊಡೀತಿದ್ದೀಯ.”

“ಹೊಡೆಯೋಕೆ ಬರಲ್ಲ ಸಾರ್ ನನಗೆ. ಏಳು ಗಜ ದಾಟಿ ಇದುವರೆಗೂ ಏನೂ ಹೊಡೆದಿಲ್ಲ. ಆ ಶನಿವಾರ ಡಬ್ಬಿಗೂ ಬಿದ್ದಿರಲಿಲ್ಲ. ಬೇಕಾದ್ರೆ ಅದನ್ನೂ ಬರ್ಕೊಳ್ಳಿ.”

ಸಾರ್ಜೆಂಟ್ ಬರೆದುಕೊಂಡ. ಇಂಥ ಮಾತು ಆಸ್ಪತ್ರೆಯೊಳಗೇ ಉಳಿಯುವುದಿಲ್ಲ; ಅಂದೇ ಸಂಜೆ ಮೂರು ಲಾಳ ತಲುಪಿತು. ತನ್ನ ಕಣ್ಣಿಗೆ ತಾನೇ ಹೊಡೆದುಕೊಂಡವನೆಂದು ಅಲ್ಲಿಂದ ಮುಂದೆ ಇಡೀ ತಾಲೂಕು ಕ್ಲಾರೆನ್ಸನನ್ನು ಗುರುತಿಸಿತು. ಅಷ್ಟು ಉದ್ದದ ಕೋವಿಯನ್ನು ಹಿಂದುಮುಂದಾಗಿ ಹಿಡಿದು ಕಣ್ಣಿನ ನಡುಮಧ್ಯಕ್ಕೆ ಹೊಡೆದುಕೊಳ್ಳುವುದು ಸಾಮಾನ್ಯನ ಕೈಲಾಗುವ ಕೆಲಸವೇ ಎಂದು ಸೈಲಸ್ ಒಬ್ಬ ಮಾತ್ರ ಕೇಳುತ್ತಿದ್ದ.

“ಡ್ಯಾಂಕ್ಸ್,” ಎಂದ ಸಾರ್ಜೆಂಟ್, “ಇವನನ್ನ ಹೊತ್ಕೊಂಡು ಬಂದವನು ನೀನು. ಇವನು ಹೇಳಿದ್ದನ್ನ ನೀನು ನಂಬ್ತೀಯಾ?”

ಹ್ಯೂಬರ್ಟ್ ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ.

“ನಂಬ್ತೀನಿ ಸಾರ್,” ಎಂದ.

ಸಾರ್ಜೆಂಟ್ ಇಬ್ಬರನ್ನೂ ನೋಡಿ, ಪುಸ್ತಕ ಮುಚ್ಚಿ, ಮೊಣಕಾಲು ಹಿಡಿದುಕೊಂಡು ಎದ್ದುಹೋದ. ಕ್ಲಾರೆನ್ಸ್ ಉಳಿದೊಂದು ಕಣ್ಣಿನಿಂದ ಹ್ಯೂಬರ್ಟನನ್ನು ನೋಡಿ ನಗಲು ಹೋದ. ಮುಖ ಎಳೆದು ನೋವಾಯಿತು.

“ಅಂತೂ ಅಂದೆಯಲ್ಲ ಆ ಮಾತು,” ಎಂದ.

ಹ್ಯೂಬರ್ಟ್ ಕೂತ. ನೆಲ ನೋಡುತ್ತಾ ಹೇಳಿದ: “ನೀನು ಹೊಡೆದಿಲ್ಲ ಅಂತ ಆ ಶನಿವಾರ ಸಾಯಂಕಾಲನೇ ಗೊತ್ತಿತ್ತು. ಒಳಗೆ ಹೋದವನೇ ಪುಕ್ಕ ಎಲ್ಲಾ ಕಿತ್ತು ನೋಡಿದೆ. ಒಂದು ಗುರುತಿರಲಿಲ್ಲ. ಎದುರುಗಾಳೀಲಿ ಅಷ್ಟು ದೂರ ಹಾರಿ ಎದೆ ಒಡೆದು ಸತ್ತಿತ್ತು.”

ಕ್ಲಾರೆನ್ಸ್ ಬ್ಯಾಂಡೇಜಿನ ಕಡೆಗೆ ಕೈ ಎತ್ತಿ, ಮುಟ್ಟದೆ ಇಳಿಸಿದ.

“ಮತ್ತೆ ಯಾಕೋ ಹೇಳ್ಲಿಲ್ಲ?” ಎಂದ ಆಮೇಲೆ.

“ಅದು ನನ್ನ ಕೈಯಲ್ಲಿ ಇನ್ನೂ ಬೆಚ್ಚಗಿತ್ತು. ಮೂಲೆ ತಿರುಗಿದೆ. ನೀನು ಪಬ್ಬಿನ ಮುಂದೆ ನಿಂತು ದೂರ ತಿದ್ದುತ್ತಾ ಇದ್ದೆ.” ಹ್ಯೂಬರ್ಟ್ ಟೋಪಿಯನ್ನು ಮಡಿಚಿ ಮೊಣಕಾಲ ಮೇಲಿಟ್ಟ. “ಒಂದು ವಾರ ಅನುಭವಿಸಲಿ ಅಂದ್ಕೊಂಡೆ. ಒಂದೇ ವಾರ. ಮೊನ್ನೆ ಭಾನುವಾರ ಊಟಕ್ಕೆ ಬರೋನಿದ್ದೆ.”

ಆಚೆ ಹಾಸಿಗೆಯಲ್ಲಿ ಯಾರೋ ಕೆಮ್ಮಿದರು. ದಾದಿಯೊಬ್ಬಳು ಚಹದ ಗಾಡಿ ತಳ್ಳಿಕೊಂಡು ಹೋದಳು. ಕ್ಲಾರೆನ್ಸ್ ಮೇಲ್ಛಾವಣಿ ನೋಡುತ್ತಾ ಮಲಗಿದ್ದ. ಅವನ ಒಂದು ಕಣ್ಣಿನಿಂದ ನೀರು ಕಿವಿಯೊಳಗೆ ಇಳಿಯುತ್ತಿತ್ತು.

“ನೂರೈವತ್ತು ಇರಲಿಲ್ಲ ಕಣೋ,” ಎಂದ ಕಡೆಗೆ. “ಸೈಲಸ್ ಹೇಳಿದ್ದೇ ಸರಿ. ನೂರ ನಲವತ್ತು.”

“ನೂರ ಮೂವತ್ತೆಂಟು,” ಎಂದ ಹ್ಯೂಬರ್ಟ್. “ಹೆಜ್ಜೆ ಹಾಕಿ ಎಣಿಸಿದ್ದೀನಿ.”

ಭೇಟಿಯ ಹೊತ್ತು ಮುಗಿಯಿತೆಂದು ಗಂಟೆ ಹೊಡೆಯಿತು. ಹ್ಯೂಬರ್ಟ್ ಏಳಲಿಲ್ಲ. ಜೇಬಿನಿಂದ ಸೇಬು ತೆಗೆದು, ಚಾಕುವಿನಿಂದ ಸಿಪ್ಪೆ ಬಿಡಿಸತೊಡಗಿದ.